ಅರವತ್ತೆರಡನೇ ಇಸವಿಯ ನಾದ

ಹಿತ್ತಾಳೆಯ ಹರಿವಾಣದಲ್ಲಿ ಎಂಟು ವಾಲ್ವುಗಳು ದೇವರ ಮುಂದೆ ಸಾಲಾಗಿ ನಿಂತಿದ್ದವು. ಪಕ್ಕದಲ್ಲಿ ಈಳಿಗೆ, ಕಾರಿನ ಕೀಲಿ, ಡ್ರಿಲ್ಲಿಂಗ್ ಮಷೀನು. ಖಂಡೆ ಪೂಜೆಗೆ ಮನೆಯ ಆಯುಧಗಳನ್ನೆಲ್ಲ ತೊಳೆದು ಇಡಬೇಕಲ್ಲ. ಮಗನ ಮೇಜಿನ ಮೇಲೆ ಪೆಟ್ಟಿಗೆಗಳಲ್ಲಿದ್ದ, ಹಳೆಯ ರೇಡಿಯೋಗಳೊಳಗೆ ಉರಿಯುತ್ತಿದ್ದಂಥ ಈ ಗಾಜಿನ ಬುರುಡೆಗಳನ್ನೂ ಶಿವಗಂಗವ್ವ ಬಿಡಲಿಲ್ಲ. ಪಾತ್ರೆ ಸೋಪು ಹಚ್ಚಿ, ನಾರಿನಿಂದ ತಿಕ್ಕಿ, ಒರೆಸಿ, ಎಣ್ಣೆಯಲ್ಲಿ ಕಲಸಿದ ಕುಂಕುಮದ ಒಂದೊಂದು ಬೊಟ್ಟು ಇಟ್ಟಿದ್ದಳು.

"ಅವ್ವಾ, ಇವುಗಳ ಮ್ಯಾಲಿನ ಅಕ್ಷರ ಎಲ್ಲಿ ಹೋದವು?" ಅಂದ ಅಭಿಲಾಷ.

"ಮಸಿ ಹಿಡದಂಗ ಇತ್ತಪಾ, ತಿಕ್ಕಿ ತಗದೆ. ಈಗ ನೋಡು, ಹೆಂಗ ಲಕಲಕ ಅಂತಾವ."

ಅವಳು ತಿಕ್ಕಿ ತೆಗೆದದ್ದು ಅರವತ್ತೆರಡನೇ ಇಸವಿಯನ್ನು. ಎಂಟರಲ್ಲಿ ನಾಲ್ಕು ವಾಲ್ವು ಆ ವರ್ಷ ಇಂಗ್ಲೆಂಡಿನಲ್ಲಿ ತಯಾರಾದವು. ಉಳಿದ ನಾಲ್ಕು ಹೋದ ವರ್ಷದವು; ಕೊಂಢವಾ ಬಡಾವಣೆಯಲ್ಲಿ ಆಂಪ್ಲಿಫೈಯರ್ ಕಟ್ಟಿಕೊಡುವ ಶಿವರುದ್ರಪ್ಪ, ಕೇಳಿ ನೋಡ್ರಿ ಎಂದು ಕೊಟ್ಟು ಹೋದಂಥವು. ಅಭಿಲಾಷ ಹನ್ನೊಂದು ಜನರ ಒಂದು ಶ್ರವಣ ಬಳಗದ ಮುಖ್ಯಸ್ಥ. ಗವಾಯಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲೇ ವಾಲ್ವು ಹಳೆಯದೋ ಹೊಸದೋ ತನಗೆ ತಿಳಿಯುತ್ತದೆ ಎನ್ನುತ್ತಿದ್ದ. ಹೊಸದರ ನಾದವೆಂದರೆ ಫ್ರಿಜ್ಜಿನಲ್ಲಿಟ್ಟ ಚಪಾತಿ ಎಂದು ಬಳಗದ ವಾಟ್ಸಾಪಿನಲ್ಲಿ ಬರೆದಿದ್ದ. ಅದನ್ನು ಇವತ್ತು ನಾಲ್ಕು ಗಂಟೆಗೆ ತೋರಿಸಿಕೊಡುವವನಿದ್ದ. ಶಿವರುದ್ರಪ್ಪನಿಗೆ ಆಂಪ್ಲಿಫೈಯರ್ ಕಟ್ಟಲು ಹೇಳಿದ್ದ ಬಳಗದ ಮೂವರು, ಇವತ್ತು ಕೇಳಿ ಆಮೇಲೆ ಬೇಕೋ ಬೇಡವೋ ಹೇಳುತ್ತೇವೆ ಅಂದಿದ್ದರು. ಮೂವತ್ತು ವರ್ಷದಿಂದ ಅದೇ ಕೆಲಸ ಮಾಡುತ್ತ ಬಂದ ಶಿವರುದ್ರಪ್ಪನ ಕೈಯಲ್ಲಿ ಈ ಹಂಗಾಮಿಗೆ ಇದ್ದದ್ದು ಆ ಮೂರೇ ಕೆಲಸ. ತನ್ನ ತೀರ್ಪು ತಾನೇ ಕೇಳಲಿ ಎಂದು ಅವನನ್ನೂ ಕರೆಸಲಾಗಿತ್ತು.

ಅವನು ಮೂರಕ್ಕೇ ಬಂದ. ಅಭಿಲಾಷ ಕಿಟಕಿಯ ಬಳಿ ನಿಂತು ವಾಲ್ವುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತಿದ್ದ. ತನ್ನ ಕಿವಿಯ ಮೇಲೆ ಭರವಸೆಯಿದ್ದವನು ನಾಲ್ಕನ್ನು ತನ್ನ ಆಂಪ್ಲಿಫೈಯರಿಗೆ ಹಾಕಿ ಒಂದು ಹಾಡು ಕೇಳಿದ್ದರೆ ಮುಗಿಯುತ್ತಿತ್ತು. ಆ ಯೋಚನೆ ಅವನಿಗೆ ಬರಲಿಲ್ಲ, ಅಥವಾ ಬಂದದ್ದನ್ನು ಅವನು ಒಳಗೆ ಕರೆಯಲಿಲ್ಲ. ಇಷ್ಟು ವರ್ಷ ಓದಿದ್ದು ಗಾಜಿನ ಮೇಲಿನ ಅಕ್ಷರವನ್ನು. ಗಾಜಿನ ಒಳಗೆ ಏನಿದೆ ಎಂದು ಇಣುಕಿದ್ದು ಇವತ್ತೇ. ನಾಲ್ಕರ ಒಳಗಿನ ತಗಡು ಕಪ್ಪಗಿತ್ತು, ನಾಲ್ಕರದು ಬೂದಿ ಬಣ್ಣ. ಅರವತ್ತು ವರ್ಷವಾದರೆ ಯಾವುದೂ ಕಪ್ಪಾಗಲೇಬೇಕು ಎಂದು ತೀರ್ಮಾನಿಸಿ, ಕಪ್ಪನೆಯ ನಾಲ್ಕನ್ನು ಹಳೆಯವೆಂದು ಬದಿಗಿಟ್ಟ. ಮತ್ತೆ ಬೆರೆತು ಹೋಗದಿರಲೆಂದು ಉಳಿದ ನಾಲ್ಕರ ಕುಂಕುಮವನ್ನು ಕರವಸ್ತ್ರದಿಂದ ಒರೆಸಿಬಿಟ್ಟ.

ಹೊಸ ವಾಲ್ವುಗಳ ತಗಡಿಗೆ ಕಾರ್ಖಾನೆಯಲ್ಲೇ ಕಪ್ಪು ಲೇಪ ಹಚ್ಚಿರುತ್ತಾರೆ. ಅದು ಶಿವರುದ್ರಪ್ಪನಿಗೆ ಗೊತ್ತಿತ್ತು.

"ಸಾಹೇಬ್ರ, ಒಂದ ಮಾತು. ಆ ಕರಿ ತಗಡಿನವು..."

"ಶಿವರುದ್ರಪ್ಪ, ಬೆಸುಗಿ ನಿಮ್ಮ ಕೆಲಸ. ಕಿವಿ ಕೆಲಸ ನಮಗ ಬಿಡ್ರಿ."

ಅವನು ಬಿಟ್ಟ.

ನಾಲ್ಕಕ್ಕೆ ಮೂವರೂ ಬಂದು ಕೂತು ಕಣ್ಣು ಮುಚ್ಚಿದರು. ಕಣ್ಣು ಮುಚ್ಚಿದರೆ ಹೆಚ್ಚು ಕೇಳಿಸುತ್ತದೆಂಬುದು ಬಳಗದ ನಂಬಿಕೆ. ಮೊದಲು ಕುಂಕುಮದ ನಾಲ್ಕು, ಭೀಮಪಲಾಸಿ ರಾಗದ ರೆಕಾರ್ಡು. ಗಾಜು ಕಾದಂತೆ ಎಣ್ಣೆ ಕುಂಕುಮ ಸಣ್ಣಗೆ ಸುಟ್ಟು, ಎಳೆ ಹೊಗೆಯೊಂದು ಎದ್ದು ಕೋಣೆ ತುಂಬಿತು. ಅಮೇಯ ಮೂಗರಳಿಸಿ, ಶಿರೂರಿನಲ್ಲಿ ತನ್ನ ಅಜ್ಜನ ರೇಡಿಯೋಕ್ಕೆ ಥೇಟು ಇದೇ ವಾಸನೆ ಇತ್ತೆಂದು ಮರಾಠಿಯಲ್ಲಿ ಗದ್ಗದಿತನಾದ. ಧಾರವಾಡದ ನೀಲಿಮಾ, ಮಗ್ಗಲಿಗೇ ಕೂತು ಹಾಡಿದಂಗ ಅದ ಅಂದಳು. ಮೂರನೆಯವರು ಕಣ್ಣೊರೆಸಿಕೊಂಡರು. ಹೊಗೆಗೋ ಹಾಡಿಗೋ ಯಾರೂ ಕೇಳಲಿಲ್ಲ. ಅಭಿಲಾಷ ಮಾತ್ರ ತಾನೇ ಹಾಡಿದವನಂತೆ ತಲೆ ಬಾಗಿಸಿ ಕೂತಿದ್ದ.

ಆಮೇಲೆ ಬೊಟ್ಟಿಲ್ಲದ ನಾಲ್ಕು. ಅದೇ ರೆಕಾರ್ಡು, ಅದೇ ಸಾಲು. ಎರಡು ನಿಮಿಷಕ್ಕೆ ನೀಲಿಮಾ ಮುಖ ಕಿವುಚಿದಳು. "ಜೀವಾನ ಇಲ್ಲ ಇದರಾಗ. ಬಂದ್ ಮಾಡ್ರಿ."

ಅಭಿಲಾಷ ಆ ನಾಲ್ಕನ್ನು ಬಟ್ಟೆಯಲ್ಲಿ ಹಿಡಿದು ಕಿತ್ತು, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತಿದವನಂತೆ ಶಿವರುದ್ರಪ್ಪನ ಮುಂದೆ ಚಾಚಿದ. "ತಗೊಂಡ ಹೋಗ್ರಿ. ನಿಮ್ಮವು ನಿಮ್ಮ ಕಡೆನ ಇರಲಿ."

"ಇನ್ನೊಮ್ಮೆ ವಿಚಾರ ಮಾಡ್ರಿ ಸಾಹೇಬ್ರ. ಆಮ್ಯಾಲೆ ಬೇಕಂದ್ರ ನನ್ನ ಕೇಳಬಾರದು."

"ಇವನ್ನ ಯಾರ ಕೇಳ್ತಾರ?"

ಶಿವರುದ್ರಪ್ಪ ಅವು ತಣಿಯುವ ತನಕ ಕಾದ. ಒಂದೊಂದನ್ನೂ ಪೇಪರಿನಲ್ಲಿ ಎರಡೆರಡು ಸುತ್ತು ಸುತ್ತಿ, ಚೀಲದಲ್ಲಿದ್ದ ಟವೆಲ್ಲಿನ ನಡುವೆ ಮಲಗಿಸಿದ. ಹೊಸ ವಾಲ್ವಿಗೆ ಇಷ್ಟು ಉಪಚಾರವೇ ಎಂದು ಅಮೇಯ ನಕ್ಕ. ನೀಲಿಮಾಗೆ ಮಾತ್ರ ಪಾಪ ಅನ್ನಿಸಿತೇನೋ. ನಮ್ಮ ಮೂರೂ ಆಂಪ್ಲಿಫೈಯರಿಗೆ ಮೊದಲು ಕೇಳಿದಂಥ ವಾಲ್ವುಗಳನ್ನೇ ಹಾಕುವುದಾದರೆ ಕೆಲಸ ನಿಮಗೇ, ಆದರೆ ಅಂಥವು ಈಗ ಎಲ್ಲಿ ಸಿಗಬೇಕು ಎಂದು ಕೇಳಿದಳು.

"ಮೊದಲ ಕೇಳಿದಂಥಾವ? ನಮ್ಮ ಅಂಗಡ್ಯಾಗ ಮೂರು ಡಬ್ಬಿ ಅದಾವ್ರಿ," ಅಂದ ಶಿವರುದ್ರಪ್ಪ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ. "ಬರೇ ಕುಂಕುಮ ಒಂದ ಅವ್ವಾರ ಕಡೆ ಹಚ್ಚಿಸಿಕೊಳ್ರಿ."