ಇಟಲಿಯ ಕೆಮ್ಮು

"ಮಂಡಕ್ಕಿ ಅಗಿಯೋದು ನಿಲ್ಲಿಸ್ರಿ! ಬಂತು, ಬಂತು!" ಎಂದು ವಾಮದೇವಪ್ಪನವರು ಕೈ ಎತ್ತಿದರು.

ದಾವಣಗೆರೆ ವಿದ್ಯಾನಗರದ ಅವರ ಮನೆಯ ಪಡಸಾಲೆಯಲ್ಲಿ ಎಲ್ಲರ ದವಡೆಗಳೂ ನಿಂತವು. ಸ್ಪೀಕರಿನಲ್ಲಿ ಎದೆ ಬಿರಿಯುವಂತೆ ಹಾಡುತ್ತಿದ್ದ ಇಟಲಿಯ ಹೆಣ್ಣುಮಗಳು ಒಂದು ಗಳಿಗೆ ತಡೆದಳು. ಆ ಸಂದಿನಲ್ಲಿ ಸಣ್ಣಗೆ ಎರಡು ಸಲ ಕೆಮ್ಮು ಕೇಳಿಸಿತು. ವಾಮದೇವಪ್ಪನವರು ಪಟ್ಟನೆ ರೆಕಾರ್ಡಿಂಗ್ ನಿಲ್ಲಿಸಿ, "ಕೇಳಿಸ್ತಾ? ಅದು ನಾನು" ಎಂದರು.

ಜವಳಿ ವರ್ತಕರ ಗುಂಪಿನೊಡನೆ ಯುರೋಪ್ ಟೂರ್ ಹೋದಾಗ ಅವರು ಒಂದು ಒಪೆರಾ ಕಛೇರಿಗೆ ಕೂತು ಬಂದಿದ್ದರು. ಒಪೆರಾ ಎಂದರೆ ಮೊದಲಿಂದ ಕೊನೆಯವರೆಗೂ ಹಾಡಿನಲ್ಲೇ ನಡೆಯುವ ನಾಟಕ. ಹಾಡಿದವರಾರು, ಕಥೆಯೇನು ಎಂಬುದು ದೇವರಾಣೆಗೂ ಗೊತ್ತಿರಲಿಲ್ಲ. ಆದರೆ ಆವತ್ತಿನ ರೆಕಾರ್ಡಿಂಗ್ ಹೊರಬಂದ ಮೇಲೆ ಈ ಕೆಮ್ಮು ಕೇಳದೆ ಯಾರೂ ಆ ಮನೆಯಲ್ಲಿ ಕಾಫಿ ಕುಡಿದು ಹೋದದ್ದಿಲ್ಲ. ಕೊನೆಗೆ ವರ್ತಕರ ಸಂಘದವರೇ ಮಣಿದರು. 'ವಿದೇಶಿ ಸಂಗೀತದಲ್ಲಿ ದನಿಗೂಡಿಸಿದ ಮೊದಲ ದಾವಣಗೆರೆಯವರು' ಎಂದು ಭಾನುವಾರ ಸನ್ಮಾನ ಇಟ್ಟುಕೊಂಡಿದ್ದರು. ಅಂಗಡಿಯಲ್ಲಿ ಸಾವಿರಾರು ಶಾಲು ಮಾರಿದ ಮನುಷ್ಯ ಹೆಗಲ ಮೇಲೆ ಬೀಳಲಿರುವ ಆ ಒಂದು ಶಾಲಿಗಾಗಿ ಮದುಮಗನಂತೆ ಕಾಯುತ್ತಿದ್ದರು.

ಇವತ್ತು ಹರಿಹರದಿಂದ ಬೀಗರು ಮುರುಗೇಶಪ್ಪ ಬಂದಿದ್ದರು. ಅದೇ ಟೂರಿನಲ್ಲಿ, ಅದೇ ಕಛೇರಿಯಲ್ಲಿ, ಪಕ್ಕದ ಕುರ್ಚಿಯಲ್ಲಿ ಕೂತಿದ್ದವರು. ಅವರು ತಟ್ಟೆಯನ್ನು ಟೀಪಾಯಿಯ ಮೇಲಿಟ್ಟು ಗಂಟಲು ಸರಿಮಾಡಿಕೊಂಡರು.

"ಬೀಗ್ರೇ, ಬ್ಯಾಸ್ರ ಮಾಡ್ಕೋಬ್ಯಾಡ್ರಿ. ಆ ಕೆಮ್ಮು ನಂದು."

ವಾಮದೇವಪ್ಪನವರು ರಿಮೋಟ್ ಕೆಳಗಿಟ್ಟರು. ಸೊಸೆಯ ತಂದೆ, ಜಾಡಿಸುವಂತಿಲ್ಲ. "ಹೆಂಗಾಗ್ತೈತ್ರಿ? ನೀವು ಆವತ್ತು ನಿದ್ದೆ ಹೊಡೀತಿದ್ರಿ" ಎಂದರು.

"ನಿದ್ದೆ ಹೋದೋನು ಕೆಮ್ಮಬಾರ್ದು ಅಂತ ಐತಾ? ನೀವು ಗೊರಕೆನೇ ಹೊಡೀತಿದ್ರಿ."

"ಗೊರಕೆ ಹೊಡೆದಿದ್ರೆ ಅದೂ ರೆಕಾರ್ಡ್ ಆಗಿರ್ತಿತ್ತು!"

ವಾಮದೇವಪ್ಪನವರ ಹೆಂಡತಿ ಬಸವಣ್ಣೆಮ್ಮ ಮಂಡಕ್ಕಿಗೆ ಇನ್ನೆರಡು ಮೆಣಸಿನಕಾಯಿ ಬಜ್ಜಿ ತಂದಿಟ್ಟು, "ಅಲ್ರೀ, ನೀವು ಕೆಮ್ಮಿದ್ರೆ ಓಣಿ ನಾಯಿ ಎದ್ದು ಓಡ್ತಾವೆ. ಇದು ಇಷ್ಟು ಸಣ್ಣಗೈತೆ?" ಎಂದಳು.

"ಅಲ್ಲಿ ಏಸಿ ಗಾಳಿಗೆ ಗಂಟಲು ಕಟ್ಟಿತ್ತು. ಮೇಲಾಗಿ ದೊಡ್ಡೋರ ಜಾಗ ಅಂತ ಮರ್ಯಾದೆಯಿಂದ ಕೆಮ್ಮಿದೀನಿ."

"ಹಂಗಾದ್ರೆ ಈಗ ಕೆಮ್ರಿ, ನೋಡಾನ" ಎಂದರು ಮುರುಗೇಶಪ್ಪ.

ಇಬ್ಬರು ಹಿರಿಯರೂ ಸ್ಪೀಕರಿನ ಎದುರು ನಿಂತು ಸರದಿಯಂತೆ ಕೆಮ್ಮಿದರು. ಒಬ್ಬರದು ಗಡುಸಾಯಿತು, ಇನ್ನೊಬ್ಬರಿಗೆ ಮೆಣಸಿನಕಾಯಿ ನೆತ್ತಿಗೇರಿ ನಿಜವಾದ ಕೆಮ್ಮೇ ಬಂತು. ತೀರ್ಪು ಸಿಗದೆ ಇಬ್ಬರೂ ರಶ್ಮಿತಾಳ ಕಡೆ ತಿರುಗಿದರು. ಆ ಮನೆಯ ಸೊಸೆಯಾದ ಅವಳಿಗೇ ಸನ್ಮಾನದ ಪರಿಚಯ ಭಾಷಣ ಬರೆಯುವ ಕೆಲಸ ಬಿದ್ದಿತ್ತು. ಅದಕ್ಕೆಂದು ಮೊಬೈಲಿನಲ್ಲಿ ಒಪೆರಾದ ಕಥೆ ಓದುತ್ತಾ ಕೂತಿದ್ದಳು.

"ನೀನೇ ಹೇಳವ್ವ, ಯಾರ್ದು?" ಎಂದರು ವಾಮದೇವಪ್ಪ.

ಒಂದು ಕಡೆ ಅಪ್ಪ, ಒಂದು ಕಡೆ ಮಾವ. ರಶ್ಮಿತಾ ಮೊಬೈಲಿನಿಂದ ತಲೆಯೆತ್ತಿದಳು. "ಇಬ್ರದೂ ಅಲ್ಲ ಮಾವ. ಈ ಕಥೆಯಾಗೆ ಆ ಹುಡುಗಿಗೆ ಕ್ಷಯ ಆಗಿರ್ತೈತೆ. ಕೆಮ್ಮಿದ್ದು ಅವಳೇ, ಆ ಹಾಡೋಳು. ಕೊನೆಗೆ ಸಾಯ್ತಾಳೆ."

"ಯಾರೂ ಸಾಯ್ಲಿಲ್ಲಲ್ಲ! ಎಲ್ಲಾರೂ ನೆಟ್ಟಗೆ ನಿಂತ್ಕಂಡು ಹಾಡಿದ್ರು!"

"ಅದು ಬರೀ ಹಾಡಿನ ಕಛೇರಿ ಮಾವ, ನಾಟಕದಂಗೆ ಅಲ್ಲಿ ನಟನೆ ಇರಲ್ಲ. ಕೆಮ್ಮೋದು, ಸಾಯೋದು ಎಲ್ಲಾ ದನಿಯಾಗೇ."

ಅವಳು ರಿಮೋಟ್ ಒತ್ತಿದಳು. ಆ ಮನೆಯಲ್ಲಿ ರೆಕಾರ್ಡಿಂಗ್ ಕೆಮ್ಮು ದಾಟಿ ಮುಂದೆ ಹೋದದ್ದು ಅದೇ ಮೊದಲು. ಹಾಡು ಎಳೆ ಎಳೆಯಾಗಿ ಸಣ್ಣಗಾಗುತ್ತಾ ಬಂತು. ಮತ್ತೊಮ್ಮೆ ಕೆಮ್ಮು, ಒಂದೆರಡು ಮಾತು, ಆಮೇಲೆ ಅವಳ ದನಿ ಇಲ್ಲವೇ ಇಲ್ಲ. ಯಾರೋ ಗಂಡಸು ಅವಳನ್ನು ಕೂಗಿ ಕೂಗಿ ಕರೆದ. ಬಸವಣ್ಣೆಮ್ಮನಿಗೆ ಭಾಷೆ ತಿಳಿಯಲಿಲ್ಲ, ಆದರೂ ಸ್ಪೀಕರಿನ ಹತ್ತಿರ ಬಂದು ಕೂತಳು.

ವಾಮದೇವಪ್ಪನವರ ಮುಖ ಇಳಿದುಹೋಗಿತ್ತು. ಭಾನುವಾರದ ಶಾಲು ಹೆಗಲೇರುವ ಮೊದಲೇ ಜಾರಿ ನೆಲಕ್ಕೆ ಬಿದ್ದಂತೆ ಅವರಿಗೆ ಕಂಡಿತು. ಅಷ್ಟರಲ್ಲಿ ಸ್ಪೀಕರಿನಲ್ಲಿ ಒಂಟಿ ಚಪ್ಪಾಳೆಯೊಂದು ಕೇಳಿತು, ಹಿಂದೆಯೇ ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಅವರ ಬೆನ್ನು ನೆಟ್ಟಗಾಯಿತು.

"ಬೀಗ್ರೇ! ಎಲ್ಲಾರಿಗಿಂತ ಮೊದ್ಲು ಒಂದು ಚಪ್ಪಾಳೆ ಬಂತಲ್ಲ? ಅದು ನಾನು!"

"ಎಲ್ಲೈತ್ರಿ? ಅದು ನಂದು!" ಎಂದು ಮುರುಗೇಶಪ್ಪ ಎದ್ದು ನಿಂತರು.

ಬಸವಣ್ಣೆಮ್ಮ ಮಂಡಕ್ಕಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಮೇಲೆದ್ದಳು.

"ಕೆಮ್ಮು ನಿಮ್ದಂತೆ, ಚಪ್ಪಾಳೆನೂ ನಿಮ್ದಂತೆ. ಆ ಹುಡುಗಿ ಸತ್ಲಲ್ಲ, ಅದು ಯಾರ್ದ್ರೀ?"