ನಾಲ್ಕು ನಿಂಬೆಹಣ್ಣು

ಸವೆದು ಹಿಡಿತ ಕಳೆದುಕೊಂಡ ಟೈರು ಒದ್ದೆ ತಾಗಿದೊಡನೆ ತಾನಾಗಿಯೇ ನಿಂತುಬಿಡುವಂತೆ ತಯಾರಿಸಬೇಕೆಂಬ ಕಾನೂನು ಬಂದು ಹನ್ನೊಂದು ವರ್ಷವಾಗಿತ್ತು. ಮಳೆ ಶುರುವಾದರೆ ಸವೆದ ಟೈರಿನ ಗಾಡಿಗಳು ಇದ್ದಲ್ಲೇ ನಿಲ್ಲುತ್ತಿದ್ದವು. ಜನ ಗೊಣಗುತ್ತ ಇಳಿದು ಬೇರೆ ಬಸ್ಸು ಹತ್ತುತ್ತಿದ್ದರು.

ಆಯುಧಪೂಜೆಯ ಬೆಳಿಗ್ಗೆ ಚಿತ್ರದುರ್ಗದ ಡ್ರೈವರ್ ತಿಪ್ಪೇಸ್ವಾಮಿ ಬಸ್ಸಿಗೆ ಆರತಿ ಎತ್ತಿ, ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟ. ಒಳಗೆ, ಘಾಟಿಯ ದಾರಿಯಲ್ಲಿ ಉಡುಪಿಗೆ ಹೊರಟಿದ್ದ ಭಜನಾ ಮಂಡಳಿಯ ಹೆಂಗಸರು ಕೂತಿದ್ದರು. ಬಸ್ಸು ಸರಿಯಿತು, ಹಣ್ಣು ಪಚಕ್ಕೆಂದಿತು, ಹಿಂದಿನ ಎಡಚಕ್ರ ಕಚ್ಚಿಕೊಂಡು ನಿಂತಿತು.

“ಏನಣ್ಣ, ಮಳೆನೇ ಇಲ್ವಲ್ಲ?” ಎಂದಳು ಮಂಡಳಿಯ ಗಂಗಾಂಬಿಕೆ.

“ನಿಂಬೆರಸಾನೇ ಮಳೆ ಅಂದ್ಕಂಡೈತೆ ಕಣಕ್ಕ. ಒರೆಸಿದ್ರೆ ಹೊಲ್ಡ್ತೈತೆ.”

ಅವನು ಬಟ್ಟೆ ಹಿಡಿದು ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತ. ಈ ವರ್ಷ ದುರ್ಗದಲ್ಲಿ ಹನಿ ಬಿದ್ದಿರಲಿಲ್ಲ, ಹಾಗಾಗಿ ಟೈರು ಸವೆದದ್ದು ಗೊತ್ತೇ ಆಗಿರಲಿಲ್ಲ. ಘಾಟಿಯಲ್ಲಿ ಮಾತ್ರ ಮಳೆ ಹಿಡಿದಿತ್ತು. ಅಲ್ಲಿ ಇಳಿಜಾರಿನ ತಿರುವಿನಲ್ಲಿ ಇದು ಹೀಗೇ ಕಚ್ಚಿಕೊಂಡರೆ?

ಅವನು ಒರೆಸದೆ ಎದ್ದ. “ಎಲ್ರೂ ಇಳೀರಕ್ಕ. ಟೈರು ಬದಲಾಯಿಸ್ಬೇಕು.”

“ಒರೆಸಿದ್ರೆ ಸಾಕು ಅಂದ್ಯಲ್ಲಣ್ಣ?”

“ಇಪ್ಪತ್ತು ವರ್ಸದಿಂದ ನಿಂಬೆಹಣ್ಣು ಇಡ್ತಿದೀನಿ. ಇವತ್ತೇ ಅದು ಕೆಲ್ಸ ಮಾಡಿರೋದು. ಒರೆಸಿ ಹಾಕ್ಲಾ?”