ಆಯುಧಪೂಜೆಯ ಮಷೀನು

ಮೈಯೊಳಗೆ ಬೆಳಕು ಹಾಯಿಸಿ, ಆ ಬೆಳಕು ತಾಗಿದಾಗ ರಕ್ತ ಹೊರಡಿಸುವ ಸಣ್ಣ ಸದ್ದಿನಿಂದಲೇ ಕ್ಷಣದಲ್ಲಿ ಚಿತ್ರ ಬಿಡಿಸುವ ಅಗ್ಗದ ಯಂತ್ರ. ಎಂಜಿನಿಯರ್ ಹುಡುಗಿಯೊಬ್ಬಳು ತಾನೇ ತಯಾರಿಸಿ ಆಸ್ಪತ್ರೆಗೆ ತಂದಿದ್ದಳು.

ಆಯುಧಪೂಜೆಯ ದಿನ ಆಸ್ಪತ್ರೆಯ ನಿರ್ದೇಶಕರು ಅದಕ್ಕೂ ಕುಂಕುಮ ಇಟ್ಟು ಮೂಗು ಮುರಿದರು.

"ಮಿಕ್ಸಿ ರೇಟಿಗೆ ಬರೋ ಮಷೀನು. ಇದೇನಮ್ಮ ರೋಗ ಹೇಳುತ್ತೆ?"

"ಕೈ ಒಡ್ಡಿ ಸರ್, ನೀವೇ ನೋಡಿ."

ಒಡ್ಡಿದರು. ಪರದೆಯಲ್ಲಿ ಅಂಗೈಯ ರಕ್ತನಾಳಗಳ ನಡುವೆ ದುಂಡನೆಯ ಗಡ್ಡೆಯೊಂದು ಮೂಡಿತು. ನಿರ್ದೇಶಕರ ಮುಖ ಬಿಳಿಚಿಕೊಂಡಿತು.

"ಸರ್, ಒಂದ್ನಿಮಿಷ ತಡೀರಿ..."

"ಸುಮ್ನಿರಮ್ಮ. ಮಷೀನು ಸುಳ್ಳು ಹೇಳುತ್ತಾ?" ಎಂದವರೇ ಕಾರು ತರಿಸಿ ಕ್ಯಾನ್ಸರ್ ಆಸ್ಪತ್ರೆಗೆ ಓಡಿದರು.

ಬೆಳಕು ಹೊರಬರುವ ಗಾಜಿನ ಮೇಲೆ ಅವರೇ ಇಟ್ಟಿದ್ದ ಕುಂಕುಮದ ದುಂಡನೆಯ ಬೊಟ್ಟನ್ನು ಅವಳು ಕರವಸ್ತ್ರದಿಂದ ಒರೆಸಿದಳು.